ಮೊದಲ ಕಂತಿನ ಹೊತ್ತಿಗೇ 100 ಹೋಗಿ 135 ಆಗಿತ್ತು

ಹೋದ ಭಾನುವಾರ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಸೀಟು ಸಿಕ್ಕಿದೆ, ಫೀಸಿಗೆ ಎಜುಕೇಶನ್ ಲೋನ್ ಬೇಕು, ಮನೆಯಲ್ಲಿ ಎರಡು ದಿನದಿಂದ ಅದೇ ಮಾತು. "ಅಕ್ಕಾ, ಇಷ್ಟೊಂದು ಸಾಲ ಮಾಡಿ ಓದೋದು ಸರೀನಾ? ನೀನಾಗಿದ್ರೆ ಏನ್ ಮಾಡ್ತಿದ್ದೆ?" ಅಂತ ಕೇಳಿದ. ನಾನು ಹತ್ತು ವರ್ಷ ಕಂತು ಕಟ್ಟಿ ಹೋದ ವರ್ಷವಷ್ಟೇ ಸಾಲ ಮುಗಿಸಿದವಳು. ಆದರೂ ತಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಎರಡು ದಿನ ಟೈಮ್ ಕೊಡು ಅಂತ ಹೇಳಿ ಫೋನ್ ಇಟ್ಟೆ. ಅವತ್ತು ರಾತ್ರಿ ನನ್ನ ಹಳೇ ಲೋನ್ ಸ್ಟೇಟ್‌ಮೆಂಟುಗಳನ್ನು ತೆಗೆದು ಕೂತೆ.

ಸಾಲ ತೆಗೆದುಕೊಂಡಾಗ ನನಗೆ 18 ವರ್ಷ. ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಮಾಡಿಟ್ಟಿದ್ದರು. ನಾನು ಹಾಕಿದೆ, ಅಪ್ಪ ಜಾಮೀನಿಗೆ ಹಾಕಿದರು. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ ಅಂದರು. ಅಲ್ಲಿಯ ತನಕ ಬಡ್ಡಿಯೂ ಇಲ್ಲ ಅಂತ ನಾವಿಬ್ಬರೂ ಅಂದುಕೊಂಡೆವು. ಕಂತು ಇಲ್ಲದ ಕಾಲವೇ ಬೇರೆ, ಬಡ್ಡಿ ಇಲ್ಲದ ಕಾಲವೇ ಬೇರೆ. ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಲೆಕ್ಕ ಹೀಗೆ. ಒಟ್ಟು ಸಾಲ 100 ಅಂತ ಇಟ್ಟುಕೊಳ್ಳಿ, ಬಡ್ಡಿ ವರ್ಷಕ್ಕೆ 10%, ಕೋರ್ಸು ನಾಲ್ಕು ವರ್ಷ. ಪ್ರತಿ ವರ್ಷದ ಶುರುವಿನಲ್ಲಿ 25 ಕೊಡುತ್ತಾರೆ. ಕಂತು ಶುರುವಾಗುವುದು ಐದು ವರ್ಷದ ಮೇಲೆ. ಅಷ್ಟರಲ್ಲಿ ಮೊದಲ 25ಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು ವರ್ಷದ್ದು, ಆಮೇಲಿನವಕ್ಕೆ ಮೂರು ಮತ್ತು ಎರಡು ವರ್ಷದ್ದು. ಬರೀ ಸರಳ ಬಡ್ಡಿ ಹಾಕಿದರೂ 35 ಆಯಿತು. ಚಕ್ರಬಡ್ಡಿ ಆದರೆ 40 ದಾಟುತ್ತದೆ. ಸರಳ ಬಡ್ಡಿಯ ಲೆಕ್ಕದಲ್ಲೇ ಮೊದಲ ಕಂತು ಕಟ್ಟುವ ದಿನ ಸಾಲ 135. ಆ 35 ಈಗ ಅಸಲಿಗೆ ಸೇರಿಬಿಟ್ಟಿದೆ, ಇನ್ನು ಅದಕ್ಕೂ ಬಡ್ಡಿ. ಹತ್ತು ವರ್ಷದ ಅವಧಿ ಆದರೆ ತಿಂಗಳಿಗೆ ಸುಮಾರು 1.78 ಕಟ್ಟಬೇಕು. ಮೊದಲ ತಿಂಗಳು ಅದರಲ್ಲಿ 1.12 ಬಡ್ಡಿಗೇ ಹೋಗುತ್ತದೆ, ಸಾಲ ಇಳಿಯುವುದು 0.66 ಮಾತ್ರ. ಬಾಕಿ ಮತ್ತೆ 100ಕ್ಕೆ, ಅಂದರೆ ನಾನು ನಿಜವಾಗಿ ತೆಗೆದುಕೊಂಡ ಮೊತ್ತಕ್ಕೆ, ಇಳಿಯಲು 45 ಕಂತು ಬೇಕು. ಹತ್ತಿರ ಹತ್ತಿರ ನಾಲ್ಕು ವರ್ಷ ತಪ್ಪದೆ ಕಟ್ಟಿದ ಮೇಲೆ ನಾನು ಹೊರಟ ಜಾಗಕ್ಕೆ ವಾಪಸ್ ಬಂದಿದ್ದೆ. ಅವತ್ತು ರಾತ್ರಿ ಆ ಸ್ಟೇಟ್‌ಮೆಂಟ್ ನೋಡುವಾಗಲೂ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು.

ಕೊನೆಗೆ ಕಟ್ಟಿದ್ದು 214. ಕಂತು ಸಣ್ಣದಾಗಲಿ ಅಂತ ಅವಧಿಯನ್ನು 15 ವರ್ಷಕ್ಕೆ ಎಳೆದಿದ್ದರೆ ಅದು 261 ಆಗುತ್ತಿತ್ತು. ಓದುವಾಗಲೇ ಆಗಿನ ಬಡ್ಡಿಯನ್ನು ಆಗಲೇ ಕಟ್ಟಿಕೊಂಡು ಹೋಗಿದ್ದರೆ ಎಲ್ಲ ಸೇರಿ 194ಕ್ಕೆ ಮುಗಿಯುತ್ತಿತ್ತು. ಆ ನಾಲ್ಕು ವರ್ಷ ನಾನು ಪಾಠ ಹೇಳಿಕೊಟ್ಟು ದುಡಿದ ದುಡ್ಡು ಇತ್ತು. ಗೊತ್ತಿದ್ದರೆ ಅದನ್ನೇ ಕಟ್ಟುತ್ತಿದ್ದೆ.

ಹಾಗಾದರೆ ಓದಿದ್ದು ತಪ್ಪಾ? ಇಲ್ಲ. ನನ್ನ ಕೆಲಸಕ್ಕೆ ಡಿಗ್ರಿ ಬೇಕೇ ಬೇಕು. ಅದು ಇಲ್ಲದೆ ಬಾಗಿಲ ಒಳಗೇ ಬಿಡುತ್ತಿರಲಿಲ್ಲ. ಡಾಕ್ಟರು, ವಕೀಲರು, ಹೈಸ್ಕೂಲ್ ಮೇಷ್ಟ್ರು, ಹೀಗೆ ಎಷ್ಟೋ ಕೆಲಸಗಳಿಗೆ ಬೇರೆ ದಾರಿಯೇ ಇಲ್ಲ. ದುಡ್ಡಿನ ಮಾತು ಬಿಟ್ಟರೂ, ಅಂಕಿಅಂಶ ಕಲಿಸಿದ ಒಬ್ಬ ಮೇಡಂ ನನಗೆ ಯಾವ ಸಂಖ್ಯೆಯನ್ನೂ ಸುಮ್ನೆ ನಂಬಬಾರದು ಅಂತ ಕಲಿಸಿದರು. ಅದು ಇವತ್ತಿಗೂ ದಿನಾ ಉಪಯೋಗಕ್ಕೆ ಬರುತ್ತದೆ. ಇವತ್ತೂ ಬಂತು. ಯಾಕೆಂದರೆ "ಪದವೀಧರರು ಜೀವನಪೂರ್ತಿ ಜಾಸ್ತಿ ದುಡಿಯುತ್ತಾರೆ" ಅನ್ನುವ ಮಾತು ಇದೆಯಲ್ಲ, ಅದು ಸರಾಸರಿಯ ಮಾತು. ಸುಳ್ಳಲ್ಲ, ಹೆಚ್ಚಿನ ದೇಶಗಳಲ್ಲಿ ನಿಜವೇ. ಆದರೆ ಆ ಸರಾಸರಿಯ ಒಳಗೆ ಯಾವ ವಿಷಯ ಓದಿದರು, ಎಲ್ಲಿ ಓದಿದರು, ಮುಗಿಸಿದರೋ ಇಲ್ಲವೋ ಅನ್ನುವ ದೊಡ್ಡ ದೊಡ್ಡ ಅಂತರಗಳಿವೆ. ಲಾಭವನ್ನು ಲಕ್ಷಾಂತರ ಜನರ ಮೇಲೆ ಸರಾಸರಿ ಮಾಡಿ ತೋರಿಸುತ್ತಾರೆ. ಸಾಲ ಮಾತ್ರ ಒಬ್ಬೊಬ್ಬರ ಹೆಸರಿನಲ್ಲೇ ಇರುತ್ತದೆ.

ನನ್ನ ರೂಮ್‌ಮೇಟ್ ನನಗಿಂತ ಚೆನ್ನಾಗಿ ಓದುತ್ತಿದ್ದವಳು. ಮೂರನೇ ವರ್ಷದಲ್ಲಿ ಅವಳ ತಂದೆ ಹಾಸಿಗೆ ಹಿಡಿದರು. ಮನೆ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಒಂದು ಸೆಮಿಸ್ಟರ್ ಬಿಟ್ಟು ಬರುತ್ತೇನೆ ಅಂತ ಹೋದವಳು ಮತ್ತೆ ಬರಲಿಲ್ಲ. ಎರಡೂವರೆ ವರ್ಷ ಓದಿದ್ದಕ್ಕೆ ಯಾವ ಕಂಪನಿಯೂ ಬೆಲೆ ಕೊಡಲಿಲ್ಲ. ಮೂರು ವರ್ಷದ ಸಾಲಕ್ಕೆ ಮಾತ್ರ ಕಂತು ಶುರುವಾಯಿತು. ಅದೂ ನನ್ನದಕ್ಕಿಂತ ಮೊದಲೇ, ಯಾಕೆಂದರೆ ಅವಳ ಓದು ಮೊದಲೇ "ಮುಗಿದಿತ್ತು". ನನಗಿಂತ ಸಣ್ಣ ಸಾಲ, ಆದರೆ ಅವಳಿಗೆ ಅದು ಬೆಟ್ಟದಷ್ಟು ಭಾರ. ಇದು ಅವಳೊಬ್ಬಳ ಕಥೆ ಅಲ್ಲ. ಅಮೆರಿಕದಲ್ಲಿ ಕಂತು ಕಟ್ಟಲಾಗದೆ ನಿಲ್ಲಿಸುವವರಲ್ಲಿ ದೊಡ್ಡ ಸಾಲ ಮಾಡಿ ಡಾಕ್ಟರಾದವರಿಗಿಂತ, ಸಣ್ಣ ಸಾಲ ಮಾಡಿ ಓದು ಅರ್ಧಕ್ಕೆ ಬಿಟ್ಟವರೇ ಜಾಸ್ತಿ. ಓದಿಗೆ ಹಾಕಿದ ದುಡ್ಡು ವಾಪಸ್ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಓದು ನಡುವೆ ನಿಂತರೆ ಸಾಲ ಯಾರ ತಲೆಗೆ ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ ಆಗಬೇಕು.

ಹಿರಿಯರು ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಚಿಕ್ಕಪ್ಪನೂ ಅದನ್ನೇ ಹೇಳುತ್ತಿದ್ದಾರಂತೆ. ಆದರೆ ಹಾಸಿಗೆಯೇ ಚಿಕ್ಕದಿರುವ ಮನೆಯ ಹುಡುಗನಿಗೆ ಈ ಮಾತಿನ ಅರ್ಥ ಓದಬೇಡ ಅಂತಲೇ ಆಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಸಾಲವೇ ಬೇಡ ಅಂದರೆ ಕಾಲೇಜು ದುಡ್ಡಿದ್ದವರ ಮಕ್ಕಳಿಗೆ ಮಾತ್ರ ಉಳಿಯುತ್ತದೆ. ಸಾಲ ಎಂಥದ್ದು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇದಕ್ಕೆ ಬೇರೆ ದಾರಿ ಇಲ್ಲ ಅಂತ ಅಲ್ಲ. ಆಸ್ಟ್ರೇಲಿಯಾ 1989ರಲ್ಲೇ ಹೆಕ್ಸ್ ಅನ್ನುವ ಪದ್ಧತಿ ತಂದಿತು. ಅದನ್ನು ರೂಪಿಸಿದವರಲ್ಲಿ ಅರ್ಥಶಾಸ್ತ್ರಜ್ಞ ಬ್ರೂಸ್ ಚ್ಯಾಪ್‌ಮನ್ ಮುಖ್ಯರು. ಅಲ್ಲಿ ನಿಮ್ಮ ಸಂಬಳ ಒಂದು ಮಿತಿ ದಾಟುವ ತನಕ ಏನೂ ಕಟ್ಟಬೇಕಾಗಿಲ್ಲ. ದಾಟಿದ ಮೇಲೆ ತೆರಿಗೆಯ ಜೊತೆಯೇ ಕಡಿತ ಆಗುತ್ತದೆ. ಕೆಲಸ ಹೋದರೆ ಕಡಿತವೂ ನಿಲ್ಲುತ್ತದೆ. ಬ್ಯಾಂಕಿನ ಬಡ್ಡಿ ಇಲ್ಲ, ಬೆಲೆಯೇರಿಕೆಗೆ ತಕ್ಕಂತೆ ಬಾಕಿ ಏರುತ್ತಿತ್ತು. ಅದರಲ್ಲೂ ತೊಂದರೆ ಇತ್ತು. 2023ರಲ್ಲಿ ಬೆಲೆಯೇರಿಕೆ ಜೋರಾಗಿದ್ದಾಗ ಬಾಕಿ ಒಂದೇ ಸಲ 7.1% ಏರಿ ಜನ ಗಾಬರಿಯಾದರು, ಆಮೇಲೆ ನಿಯಮ ಬದಲಾಯಿಸಬೇಕಾಯಿತು. ಇಂಗ್ಲೆಂಡಿನಲ್ಲಿ 2012ರಲ್ಲಿ ಫೀಸಿನ ಮಿತಿಯನ್ನು ವರ್ಷಕ್ಕೆ 9,000 ಪೌಂಡ್‌ಗೆ ಏರಿಸಿದರು. ಆದರೆ ಆದಾಯ ಒಂದು ಮಟ್ಟ ದಾಟಿದರೆ ದಾಟಿದ ಭಾಗದ ಮೇಲಷ್ಟೇ 9% ಕಟ್ಟುವುದು, 30 ವರ್ಷದ ನಂತರ ಉಳಿದದ್ದು ಮನ್ನಾ ಅನ್ನುವ ನಿಯಮ ಇತ್ತು. 2023ರ ಆಗಸ್ಟ್‌ನಿಂದ ಹೊಸದಾಗಿ ಸೇರಿದವರಿಗೆ ಅದನ್ನು 40 ವರ್ಷ ಮಾಡಿದ್ದಾರೆ. ಅಂದರೆ ಹೆಚ್ಚುಕಮ್ಮಿ ದುಡಿಯುವ ವಯಸ್ಸಿನ ಉದ್ದಕ್ಕೂ. ಜರ್ಮನಿಯ ಕೆಲವು ರಾಜ್ಯಗಳು ಫೀಸು ತಂದು ನೋಡಿದವು, 2014ರ ಹೊತ್ತಿಗೆ ಎಲ್ಲ ಕಡೆ ತೆಗೆದುಹಾಕಿದವು. ಅಮೆರಿಕ ಮಾತ್ರ ಉಲ್ಟಾ ದಿಕ್ಕಿನಲ್ಲಿ ನಡೆಯಿತು. ಬೇರೆ ಸಾಲಗಳನ್ನು ದಿವಾಳಿ ಅರ್ಜಿ ಹಾಕಿ ಕಳೆದುಕೊಳ್ಳಬಹುದು, ಓದಿನ ಸಾಲಕ್ಕೆ 1976ರಲ್ಲಿ ಮೊದಲ ಐದು ವರ್ಷ ಆ ದಾರಿ ಮುಚ್ಚಿದರು. 1998ರಲ್ಲಿ ಸರ್ಕಾರಿ ಸಾಲಕ್ಕೆ ಆ ಕಾಲಮಿತಿಯನ್ನೂ ತೆಗೆದು, ಎಷ್ಟು ವರ್ಷವಾದರೂ ದಾರಿ ಮುಚ್ಚಿಯೇ ಇರುವ ಹಾಗೆ ಮಾಡಿದರು. ಈಗ ಅದು ತೆರೆಯಬೇಕಾದರೆ ವಿಪರೀತ ಕಷ್ಟ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಜೂಜಾಡಿ ಮಾಡಿದ ಕ್ರೆಡಿಟ್ ಕಾರ್ಡ್ ಸಾಲಕ್ಕಿಂತ ಓದಲು ಮಾಡಿದ ಸಾಲದಿಂದ ಹೊರಬರುವುದು ಕಷ್ಟ. ಇದು ಅನ್ಯಾಯ ಅಲ್ವಾ?

ನನ್ನ ರೂಮ್‌ಮೇಟ್‌ಗೆ ಆಸ್ಟ್ರೇಲಿಯಾದ ಥರದ ಸಾಲ ಸಿಕ್ಕಿದ್ದರೆ ಅಪ್ಪನನ್ನು ನೋಡಿಕೊಂಡ ಆ ವರ್ಷಗಳಲ್ಲಿ ಅವಳಿಗೆ ಒಂದು ಕಂತೂ ಬರುತ್ತಿರಲಿಲ್ಲ. ನನಗೂ ಒಂದು ಬೇರೆ ಬದುಕು ಸಿಗುತ್ತಿತ್ತೇನೋ. ಕೋರ್ಸು ಮುಗಿದಾಗ ಅಂಕಿಅಂಶ ಕಲಿಸಿದ ಅದೇ ಮೇಡಂ ಅವರ ಜೊತೆ ಸಂಶೋಧನೆಗೆ ಕರೆದಿದ್ದರು. ಸ್ಟೈಪೆಂಡ್ ನನ್ನ ಕಂತಿಗಿಂತ ಸ್ವಲ್ಪವೇ ಜಾಸ್ತಿ ಇತ್ತು. ಆಗಲ್ಲ ಮೇಡಂ ಅಂತ ಹೇಳಿ ಬಂದೆ. 214ರಲ್ಲಿ ಆ ಲೆಕ್ಕ ಸೇರಿಲ್ಲ.

ಮಂಗಳವಾರ ತಮ್ಮನಿಗೆ ನಾನೇ ಫೋನ್ ಮಾಡಿದೆ. ಓದಬೇಡ ಅಂತ ಹೇಳಲಿಲ್ಲ. ಕೆಲವು ಪ್ರಶ್ನೆ ಬರೆದುಕೋ ಅಂದೆ. ಓದುವ ಕಾಲದ ಬಡ್ಡಿ ಯಾವಾಗ ಅಸಲಿಗೆ ಸೇರುತ್ತದೆ, ಬಡ್ಡಿ ದರ ನಡುವೆ ಬದಲಾಗುತ್ತದಾ, ಮೊದಲೇ ಕಟ್ಟಿ ಮುಗಿಸಿದರೆ ದಂಡ ಇದೆಯಾ, ಓದು ನಿಲ್ಲಿಸಬೇಕಾಗಿ ಬಂದರೆ ಕಂತು ಯಾವತ್ತಿನಿಂದ, ನನಗೇ ಏನಾದರೂ ಆದರೆ ಜಾಮೀನು ಹಾಕಿದ ಅಪ್ಪನಿಗೆ ಏನಾಗುತ್ತದೆ. ಕಾಲೇಜಿನವರನ್ನು ಕೇಳಬೇಕಾದದ್ದು ಬೇರೆ. ಸೇರಿದವರಲ್ಲಿ ಎಷ್ಟು ಜನ ಮುಗಿಸುತ್ತಾರೆ? ಅತಿ ಹೆಚ್ಚು ಸಂಬಳ ಎಷ್ಟು ಅಂತ ಕೇಳಬೇಡ, ಸಾಲಾಗಿ ನಿಲ್ಲಿಸಿದರೆ ನಡುವಿನಲ್ಲಿ ನಿಲ್ಲುವ ಹುಡುಗನ ಸಂಬಳ ಎಷ್ಟು ಅಂತ ಕೇಳು ಅಂದೆ. ಆ ಸಂಬಳದಿಂದ ಕಂತು ಕಳೆದು ಉಳಿದದ್ದರಲ್ಲಿ ಬದುಕಲು ಆಗುತ್ತದಾ ನೋಡು. ಇನ್ನೊಂದು ಕಾಲೇಜಿನಲ್ಲಿ ಅದೇ ಕೋರ್ಸು ಅರ್ಧ ಫೀಸಿಗೆ ಸಿಗುತ್ತಿದ್ದರೆ ಅದನ್ನೂ ಇದರ ಪಕ್ಕದಲ್ಲೇ ಬರೆದುಕೋ.

ಎಲ್ಲ ಬರೆದುಕೊಂಡ. ಕೊನೆಗೆ ಕೇಳಿದ, "ಅಕ್ಕಾ, ಇದನ್ನೆಲ್ಲ ಕೇಳಿದ್ರೆ ಲೋನ್ ಕೊಡಲ್ಲ ಅಂದ್ಬಿಟ್ರೆ?" ಇವತ್ತು ಬ್ಯಾಂಕಿಗೆ ಹೋಗುವಾಗ ನಾನೂ ಜೊತೆಗೆ ಬರುತ್ತೇನೆ ಅಂತ ಹೇಳಿದ್ದೇನೆ. ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗುತ್ತೇವೆ. ಪೆನ್ಸಿಲ್ ಗುರುತು ಇದ್ದಲ್ಲೆಲ್ಲ ಓದಿದ ಮೇಲೇ ಸಹಿ.