ಗಡ್ಡದ ಕತ್ತಿ ಕೊಂಡಿದ್ದು

ನನ್ನ ಮೊದಲ ಕ್ಷೌರದ ಕತ್ತಿಯಿಂದ ಒಂದು ಕೂದಲೂ ಹೋಗಲಿಲ್ಲ. ಆನ್‌ಲೈನಿನಲ್ಲಿ 450 ರೂಪಾಯಿ ಕೊಟ್ಟು ತರಿಸಿದ್ದೆ. ಹಿಡಿಗೆ ಹಿತ್ತಾಳೆಯ ಹೂಬಳ್ಳಿ, ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು. ಡಬ್ಬಿ ಬಿಚ್ಚಿದಾಗ ಅರಮನೆಯಿಂದಲೇ ಬಂತೇನೋ ಅನ್ನಿಸಿತ್ತು. ಕೆನ್ನೆಗೆ ನೊರೆ ಹಚ್ಚಿ ಎಳೆದೆ. ನೊರೆ ಮಾತ್ರ ಬಂತು. ಇನ್ನೊಂಚೂರು ಒತ್ತಿದೆ. ಯಾರೋ ಗಡ್ಡ ಹಿಡಿದು ಜಗ್ಗಿದ ಹಾಗಾಗಿ ಕಣ್ಣಲ್ಲಿ ನೀರು ಬಂತು.

ಹರಿತ ಇಲ್ಲ, ಅಷ್ಟೇ ತಾನೇ ಅಂದುಕೊಂಡು ಹಿತ್ತಲಿಗೆ ಹೋದೆ. ಅಲ್ಲಿ ನಮ್ಮನೆಯ ಮಸೆಗಲ್ಲಿದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಹುಲ್ಲು ಕೊಯ್ಯುವ ಕತ್ತಿ ಎಲ್ಲಕ್ಕೂ ಅದೇ ಕಲ್ಲು. ಹತ್ತು ನಿಮಿಷ ಉಜ್ಜಿದೆ. ಬೆಳಕಿಗೆ ಹಿಡಿದು ನೋಡಿದರೆ ಕತ್ತಿಯ ಬಾಯಿ, ಅಂದರೆ ಕೊಯ್ಯುವ ಅಂಚು, ಗರಗಸವಾಗಿತ್ತು. ಅಮ್ಮ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು. "ಅಲ್ವೋ, ಬ್ಲೇಡಿಗೆ ಏನಾಗಿತ್ತು?" ಅಂದಳು.

ಬ್ಲೇಡಿಗೆ ಏನೂ ಆಗಿರಲಿಲ್ಲ. ಆಸೆ, ಅಷ್ಟೇ. ನಾನು ಚಿಕ್ಕವನಿದ್ದಾಗ ಹದಿನೈದು ದಿನಕ್ಕೊಮ್ಮೆ ಊರಿನ ಕ್ಷೌರಿಕರು ಮರದ ಪೆಟ್ಟಿಗೆ ಹಿಡಿದು ಮನೆಗೇ ಬರುತ್ತಿದ್ದರು. ಅಜ್ಜ ಅಂಗಳದಲ್ಲಿ ಮಣೆ ಹಾಕಿ ಕೂರುತ್ತಿದ್ದರು. ಅವರು ಕತ್ತಿಯನ್ನು ಅಂಗೈಗೆ ಪಟಪಟ ಬಡಿದು, ಅಜ್ಜನ ಕೆನ್ನೆ ಎಳೆದು ಹಿಡಿದು ಕೆರೆದರೆ ಸರ್ ಸರ್ ಅಂತ ಸದ್ದು. ಆ ಸದ್ದು ನನ್ನ ಕಿವಿಯಲ್ಲಿ ಉಳಿದುಬಿಟ್ಟಿದೆ. ನಲವತ್ತು ದಾಟಿದ ಮೇಲೆ ಅದನ್ನು ನನ್ನ ಕೆನ್ನೆಯ ಮೇಲೆ ಕೇಳಬೇಕು ಅನ್ನಿಸಿತು. ಕೆಲವರು ಬುಲೆಟ್ ಕೊಳ್ಳುತ್ತಾರೆ, ನಾನು ಕತ್ತಿ ಕೊಂಡೆ.

ಕೆಟ್ಟ ಕತ್ತಿಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಸಲೂನಿಗೆ ಹೋದೆ. ಅಲ್ಲಿನ ಯಜಮಾನರಿಗೆ ಅರವತ್ತೈದರ ಮೇಲಾಗಿದೆ. ಅವರು ಕತ್ತಿಯ ಬಾಯಿಗೆ ಅಡ್ಡಲಾಗಿ ಹೆಬ್ಬೆರಳು ಆಡಿಸಿ ನೋಡಿದರು.

"ಇದು ಹೆಸರಿಗೆ ಕತ್ತಿ ಮೇಷ್ಟ್ರೇ. ಶೋಕೇಸಿನಲ್ಲಿ ಇಡಿ."

"ಒಳ್ಳೇದು ಯಾವುದು ತಗೊಳ್ಳಲಿ ಯಜಮಾನ್ರೇ?"

"ಅದು ಆಮೇಲೆ. ಮಸೆಯೋರು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ತಿಂಗಳು ಹಿಡಿ ಕೊಂಬಿನದೋ ಮರದ್ದೋ ಅಂತ ತಲೆ ಕೆಡಿಸಿಕೊಂಡಿದ್ದೆ. ಇದನ್ನು ಮಾತ್ರ ಯೋಚಿಸಿರಲೇ ಇಲ್ಲ.

ಅವರೇ ಮಸೆದುಕೊಡಬಹುದು ಅನ್ನೋದು ನನ್ನ ಲೆಕ್ಕವಾಗಿತ್ತು. ಅವರು ನಕ್ಕರು. ಕತ್ತಿ ಬಿಟ್ಟು ಇಪ್ಪತ್ತೈದು ವರ್ಷಕ್ಕೂ ಜಾಸ್ತಿಯಾಯಿತಂತೆ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ. ಆಮೇಲಿನ ವರ್ಷಗಳಲ್ಲಿ ಎಲ್ಲರಿಗೂ ಒಂದೇ ಕತ್ತಿ ಅನ್ನೋದು ಭಯದ ಮಾತಾಯಿತು. ಗಿರಾಕಿಗಳೇ "ಹೊಸ ಬ್ಲೇಡ್ ಹಾಕಿ" ಅನ್ನತೊಡಗಿದರು. ಈಗ ಅವರ ಕೈಯಲ್ಲಿರುವುದು ಬ್ಲೇಡ್ ಸಿಕ್ಕಿಸುವ ರೇಜರ್. ಮಾಮೂಲಿ ಬ್ಲೇಡನ್ನು ಕಾಗದದ ಸಮೇತ ನಡುವೆ ಮುರಿದು ಅರ್ಧ ತೂರಿಸುತ್ತಾರೆ, ಕೆಲಸ ಆದಮೇಲೆ ಬಿಸಾಡುತ್ತಾರೆ. ಡ್ರಾಯರಿನ ತಳದಿಂದ ತಮ್ಮ ಹಳೇ ಕತ್ತಿ ತೆಗೆದು ತೋರಿಸಿದರು. ಮಸೆದು ಮಸೆದು ಅಲಗು ಕಡ್ಡಿಯಷ್ಟು ಸಣ್ಣಗಾಗಿತ್ತು. ಬುಡದಲ್ಲಿ 'ಸೋಲಿಂಗೆನ್' ಅನ್ನುವ ಅಕ್ಷರಗಳು ಮಾತ್ರ ಇನ್ನೂ ಕಾಣುತ್ತಿದ್ದವು.

ಸೋಲಿಂಗೆನ್ ಜರ್ಮನಿಯ ಊರು, ಕತ್ತಿ ಚಾಕುಗಳಿಗೇ ಹೆಸರಾದದ್ದು. ಇಂಗ್ಲೆಂಡಿನಲ್ಲಿ ಶೆಫೀಲ್ಡ್, ಫ್ರಾನ್ಸಿನಲ್ಲಿ ತಿಯೆರ್ ಇದ್ದ ಹಾಗೆ. ಇದರಲ್ಲೊಂದು ತಮಾಷೆ ಇದೆ. ಒಂದು ಕಾಲದಲ್ಲಿ ಸೋಲಿಂಗೆನ್ನಿನ ಅಗ್ಗದ ಮಾಲಿನ ಮೇಲೆ ಶೆಫೀಲ್ಡಿನ ಹೆಸರು ಒತ್ತಿ ಮಾರುತ್ತಿದ್ದರು. ಶೆಫೀಲ್ಡಿನವರು ಗಲಾಟೆ ಮಾಡಿದರು. 1887ರಲ್ಲಿ ಬ್ರಿಟನ್ ಕಾನೂನು ತಂದು, ಹೊರಗಿನ ಮಾಲಿನ ಮೇಲೆ ಯಾವ ದೇಶದ್ದು ಅಂತ ಬರೆಯುವ ಹಾಗೆ ಮಾಡಿತು. 'ಮೇಡ್ ಇನ್ ಜರ್ಮನಿ' ಅನ್ನುವ ಮುದ್ರೆ ಶುರುವಾಗಿದ್ದು ಹಾಗೆ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಸೋಲಿಂಗೆನ್ ಹೆಸರೇ ಕದಿಯುವಷ್ಟು ದೊಡ್ಡದಾಗಿತ್ತು. 1938ರಲ್ಲಿ ಅದನ್ನು ಕಾಯುವುದಕ್ಕೇ ಬೇರೆ ಕಾನೂನು ಬಂತು.

ಹೊಸ ಸೋಲಿಂಗೆನ್ ಕತ್ತಿಯ ಬೆಲೆ ನೋಡಿದೆ. ಕಸ್ಟಮ್ಸ್ ಸುಂಕ ಸೇರಿದರೆ ನನ್ನ ಹೆಂಡತಿಗೆ ಹೇಳುವಂಥ ಮೊತ್ತ ಅಲ್ಲ. ಜೊತೆಗೆ ಇನ್ನೊಂದು ವಿಷಯ ಗೊತ್ತಾಯಿತು. ಕಂಪನಿಯಿಂದ ಬಂದ ಹೊಸ ಕತ್ತಿಯೂ ನೇರ ಮುಖಕ್ಕೆ ಇಡುವಷ್ಟು ಹರಿತ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಅದಕ್ಕೂ ಯಾರಾದರೂ ಕಲ್ಲಿನ ಮೇಲೆ ಕೊನೆಯ ಕೈ ಹಾಕಬೇಕಾಗಬಹುದು. ಮತ್ತೆ ಯಜಮಾನರ ಪ್ರಶ್ನೆಯೇ ಬಂತು.

ಹಾಗಾಗಿ ಕತ್ತಿ ಹುಡುಕುವುದು ಬಿಟ್ಟು ಮಸೆಯುವವರನ್ನು ಹುಡುಕಿದೆ. ಸೈಕಲ್ಲಿನಲ್ಲಿ ಸಾಣೆಚಕ್ರ ಕಟ್ಟಿಕೊಂಡು ಬರುವವರನ್ನೂ ಕೇಳಿದೆ. ಅವರು ಪ್ರಾಮಾಣಿಕರು. "ಚಕ್ರಕ್ಕೆ ಕೊಟ್ಟರೆ ಇದು ಮುಗೀತು ಸಾರ್" ಅಂದರು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬರು ಸಿಕ್ಕರು. ಹಳೇ ಕತ್ತಿ ತಂದು, ಸರಿ ಮಾಡಿ, ಮಾರುವುದು ಅವರ ಭಾನುವಾರದ ಹುಚ್ಚು. ಮನೆಯ ಸಿಂಕಿನ ಪಕ್ಕ ನಾಲ್ಕು ಕಲ್ಲು ಸಾಲಾಗಿಟ್ಟಿದ್ದರು. 1000, 4000, 8000, 12000. ನಂಬರ್ ಜಾಸ್ತಿಯಾದಷ್ಟೂ ಕಲ್ಲು ನುಣುಪು. 1000ದ ಕಲ್ಲು ಬಾಯಿ ಕಟ್ಟುತ್ತದೆ, ಉಳಿದವು ಅದನ್ನು ನಯ ಮಾಡುತ್ತಾ ಹೋಗುತ್ತವೆ. ನಮ್ಮ ಹಿತ್ತಲ ಕಲ್ಲು ಈ ಲೆಕ್ಕಕ್ಕೇ ಬರುವುದಿಲ್ಲ.

ಅವರು ಮಸೆಯುವುದನ್ನು ನೋಡಿದಾಗಲೇ ಈ ಕತ್ತಿಯ ಜಾಣತನ ಅರ್ಥವಾಗಿದ್ದು. ಅಡುಗೆಮನೆ ಚಾಕುವನ್ನು ಯಾವ ಓರೆಯಲ್ಲಿ ಹಿಡಿಯಬೇಕು ಅಂತ ಕೈಯೇ ಅಂದಾಜು ಮಾಡಬೇಕು. ಇಲ್ಲಿ ಹಾಗಲ್ಲ. ಕತ್ತಿಯನ್ನು ಚಪ್ಪಟೆ ಮಲಗಿಸಿದರೆ ದಪ್ಪನೆಯ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ. ಓರೆ ಎಷ್ಟು ಅನ್ನೋದು ಬೆನ್ನಿನ ದಪ್ಪದಲ್ಲೇ ಇದೆ. ಅದಕ್ಕೇ ಹಳೇ ಕತ್ತಿ ಕೊಳ್ಳುವಾಗ ಮೊದಲು ಬೆನ್ನು ನೋಡಿ ಅಂದರು. ಒಂದು ಕಡೆ ಜಾಸ್ತಿ ಸವೆದಿದ್ದರೆ ಬೇಡ. ಬಾಯಿಯಲ್ಲಿ ಬಿರುಕಿದ್ದರೆ ಬೇಡವೇ ಬೇಡ. ಬಾಯಿ ಒಳಕ್ಕೆ ಬಾಗಿದ್ದರೂ ಕಷ್ಟ, ಒಂಚೂರು ಹೊರಕ್ಕೆ ಉಬ್ಬಿದ್ದರೆ ಪರವಾಗಿಲ್ಲ. ಅಲಗಿನ ಮಧ್ಯೆ ಕಪ್ಪು ಕಲೆ ಇದ್ದರೆ ಇರಲಿ. ತುಕ್ಕು ಬಾಯಿಗೇ ಹತ್ತಿದ್ದರೆ ಮಾತ್ರ ಕೆಳಗಿಡಿ. ಮಡಚಿದಾಗ ಅಲಗು ಹಿಡಿಯ ಎರಡು ಪಟ್ಟಿಗಳ ನಡುವೆ ಸರಿಯಾಗಿ ಕೂರಬೇಕು, ಪಕ್ಕಕ್ಕೆ ತಾಗಬಾರದು.

ಮೇಜಿನ ಮೇಲೆ ಆರು ಕತ್ತಿ ಇದ್ದವು. ನನ್ನ ಕೈ ನೇರ ದೊಡ್ಡದಕ್ಕೇ ಹೋಯಿತು. ಅಗಲವನ್ನು ಅಂಗುಲದ ಎಂಟನೇ ಭಾಗದಲ್ಲಿ ಹೇಳುತ್ತಾರೆ. ಅದು 7/8, ಹೆಚ್ಚುಕಮ್ಮಿ 22 ಮಿಲಿಮೀಟರ್. ಅವರು ಸುಮ್ನೆ ಅದನ್ನು ನನ್ನ ಮೂಗಿನ ಕೆಳಗೆ ಹಿಡಿದು ತೋರಿಸಿದರು. ಮೀಸೆಯ ಜಾಗದಲ್ಲಿ ಅದು ತಿರುಗುವುದೇ ಇಲ್ಲ. 5/8 ಅಂದರೆ 16 ಮಿಲಿಮೀಟರ್. ಹೊಸಬರಿಗೆ ಅದು ಅಥವಾ 6/8 ಸಾಕು.

ತುದಿಯ ವಿಷಯದಲ್ಲಿ ನಾನು ವಾದವನ್ನೇ ಮಾಡಲಿಲ್ಲ. ಚೌಕನೆಯ ಚೂಪು ತುದಿ ನೋಡಲು ಚಂದ, ಆದರೆ ಕಿವಿಯ ಪಕ್ಕ ಅದು ಎಲ್ಲಿದೆ ಅಂತ ಕಾಣುವುದಿಲ್ಲ. ದುಂಡು ತುದಿ ತಗೊಂಡೆ. ಇನ್ನು ಅಲಗಿನ ಪಕ್ಕೆಗಳು. ಇವನ್ನು ಒಳಕ್ಕೆ ಕೊರೆದಿರುತ್ತಾರೆ. ಪೂರ್ತಿ ಕೊರೆದದ್ದು ಕಾಗದದಷ್ಟು ತೆಳು, ಉಗುರಿನಿಂದ ಮೀಟಿದರೆ ಹಾಡುತ್ತದೆ. ಕೊರೆಯದೇ ಬಿಟ್ಟದ್ದು ಬೆಣೆಯ ಹಾಗೆ ಭಾರ. ನನ್ನದು ನಡುವಿನದು, ಅರ್ಧ ಕೊರೆದದ್ದು. ಸರ್ ಸರ್ ಸದ್ದು ಇದೆ, ಕೈ ನಡುಗಿದರೆ ಅಲಗು ಜಾಸ್ತಿ ಬಳುಕುವುದಿಲ್ಲ. ಹಿಡಿ ಕಪ್ಪು ಪ್ಲಾಸ್ಟಿಕ್. ಕೊಂಬು, ದಂತದ ಬಣ್ಣ ಎಲ್ಲ ಬಿಟ್ಟೆ. ಒಟ್ಟು 6500 ರೂಪಾಯಿ, ಕಲ್ಲಿನ ಕೆಲಸ ಸೇರಿ. "ಮೊದಲ ವರ್ಷ ಕಲ್ಲು ಕೊಳ್ಳಬೇಡಿ ಸರ್. ಕತ್ತಿ ಕೂದಲು ಎಳೆಯೋಕೆ ಶುರುವಾದರೆ ನನಗೆ ಕೊರಿಯರ್ ಮಾಡಿ" ಅಂದರು. ಕೊಂಡಿದ್ದು ನಿಜಕ್ಕೂ ಆ ಮಾತನ್ನೇ.

ಮೊದಲು ಸಲೂನಿನವರ ಅರ್ಧ ಬ್ಲೇಡಿನ ರೇಜರಿನಲ್ಲಿ ಕಲಿ, ಆಮೇಲೆ ಕತ್ತಿ ಹಿಡಿ ಅಂತ ಬಹಳ ಜನ ಹೇಳುತ್ತಾರೆ. ನಾನೂ ಒಂದು ತಿಂಗಳು ಮಾಡಿದೆ. ಮಸೆಯುವ ತಲೆನೋವಿಲ್ಲ, ಇನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಅದು ತೀರಾ ಹಗುರ. ತಪ್ಪಿದರೆ ಕ್ಷಮಿಸುವುದೇ ಇಲ್ಲ. ಆ ತಿಂಗಳು ನನ್ನ ಮುಖ ನೋಡಿ ಒಂಬತ್ತನೇ ತರಗತಿ ಮಕ್ಕಳು "ಸಾರ್, ಬೆಕ್ಕು ಸಾಕಿದ್ದೀರಾ?" ಅಂತ ಕೇಳಿದರು. ನನ್ನ ಮಟ್ಟಿಗೆ ಕತ್ತಿಯೇ ಸೌಮ್ಯ.

ಒಂದು ಖರ್ಚು ಮಾತ್ರ ಯಾರೂ ಸರಿಯಾಗಿ ಹೇಳಿರಲಿಲ್ಲ. ಚರ್ಮದ ಪಟ್ಟಿ. ಪ್ರತಿ ಸಲ ಗಡ್ಡ ಕೆರೆಯುವ ಮುಂಚೆ ಕತ್ತಿಯನ್ನು ಅದರ ಮೇಲೆ ಮೂವತ್ತು ನಲವತ್ತು ಸಲ ಆಡಿಸಬೇಕು. ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆಗೆ ಬಂದಾಗ ಬೆನ್ನಿನ ಮೇಲೇ ಮಗುಚಬೇಕು. ಕೇಳಲು ಸುಲಭ ಅಲ್ವಾ? ಮೂರನೇ ದಿನ ನಾನು ಬಾಯಿಯ ಕಡೆಯಿಂದ ಮಗುಚಿದೆ. ಪಟ್ಟಿಯ ಮಧ್ಯೆ ಎರಡಂಗುಲ ಸೀಳು. 800 ರೂಪಾಯಿ ಪಟ್ಟಿ, ಪುಣ್ಯಕ್ಕೆ. ಆಸೆಬಿದ್ದು ನಾಲ್ಕು ಸಾವಿರದ್ದು ಬುಕ್ ಮಾಡಲು ಹೊರಟಿದ್ದೆ.

ಮೊದಲ ಕ್ಷೌರ ಒಂದು ಭಾನುವಾರ. ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು, "ರೀ, ಸ್ಕೂಟರ್ ಕೀ ನನ್ನ ಕೈಯಲ್ಲೇ ಇಟ್ಕೊಂಡಿರ್ತೀನಿ, ಆಸ್ಪತ್ರೆಗೆ ಹೋಗೋದಾದ್ರೆ" ಅಂದಳು. ಬಿಸಿನೀರು, ಬ್ರಷ್, ದಪ್ಪ ನೊರೆ. ಎಡಗೈಯಿಂದ ಕೆನ್ನೆ ಮೇಲಕ್ಕೆ ಎಳೆದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆ ಹಿಡಿದು, ಕೂದಲು ಹೋದ ದಿಕ್ಕಿಗೇ ಇಳಿಸಿದೆ. ಒತ್ತಲಿಲ್ಲ. ಅಜ್ಜನ ಅಂಗಳದ ಸದ್ದು ಬಂತು. ಎರಡು ಕೆನ್ನೆ ಮಾತ್ರ ಮಾಡಿ ನಿಲ್ಲಿಸಿದೆ. ಉಳಿದದ್ದಕ್ಕೆ ಮಾಮೂಲಿ ರೇಜರ್. ಪಟಿಕದ ಕಲ್ಲು ಉಜ್ಜಿಕೊಂಡೆ, ಒಂದೇ ಕಡೆ ಉರಿಯಿತು.

ಆಮೇಲೆ ಮಳೆಗಾಲ ಬಂತು. ನಮ್ಮ ಮಲೆನಾಡಿನ ಸಾಗರದ ಕಡೆಯ ಜೂನ್ ಜುಲೈ ಗೊತ್ತಲ್ಲ, ಬೆಲ್ಟಿಗೂ ಬೂಸು ಹಿಡಿಯುತ್ತದೆ. ನನ್ನದು ಕಾರ್ಬನ್ ಸ್ಟೀಲ್. ಕಲ್ಲಿಗೆ ಬೇಗ ಬಗ್ಗುತ್ತದೆ, ತುಕ್ಕಿಗೂ ಅಷ್ಟೇ ಬೇಗ. ಒಂದು ವಾರ ಬಚ್ಚಲಲ್ಲೇ ಬಿಟ್ಟಿದ್ದಕ್ಕೆ ಅಲಗು ಮಡಚುವ ತಿರುಗಣೆಯ ಹತ್ತಿರ ಕೆಂಪು ಚುಕ್ಕೆ ಬಿತ್ತು. ಈಗ ಒರೆಸಿ, ಹಿಡಿಯ ಒಳಗೂ ಹತ್ತಿಬಟ್ಟೆ ತೂರಿಸಿ, ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಹಚ್ಚಿ, ಬೀರುವಿನಲ್ಲಿ ಇಡುತ್ತೇನೆ. ಜೊತೆಗೆ ಚಪ್ಪಲಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ. ಮಳೆ ಸೀಮೆಯವರು, ಕರಾವಳಿಯವರು ಸ್ಟೇನ್‌ಲೆಸ್ ತಗೊಂಡರೆ ನಾನು ಬೇಡ ಅನ್ನುವುದಿಲ್ಲ.

ಎಂಟು ತಿಂಗಳಾಯಿತು. ಕತ್ತಿ ಒಂದು ಸಲ ಬೆಂಗಳೂರಿಗೆ ಹೋಗಿಬಂದಿದೆ. ಹೋದ ವಾರ ಸಲೂನಿಗೆ ಒಯ್ದು ತೋರಿಸಿದೆ. ಯಜಮಾನರು ಕನ್ನಡಕ ಹಾಕಿಕೊಂಡು ನೋಡಿದರು. ಮೊಣಕೈ ಕೆಳಗಿನ ಕೂದಲಿನ ಮೇಲೆ ಒಮ್ಮೆ ಆಡಿಸಿದರು. ಆಮೇಲೆ, ನಾನು ಬೇಡ ಅನ್ನುವಷ್ಟರಲ್ಲಿ, ಅಂಗೈಗೆ ಪಟಪಟ ನಾಲ್ಕು ಸಲ ಬಡಿದು, "ಗದ್ದಕ್ಕೂ ಇದೇನಾ ಮೇಷ್ಟ್ರೇ?" ಅಂದರು.

"ಇಲ್ಲ ಯಜಮಾನ್ರೇ. ಅಲ್ಲಿಗಿನ್ನೂ ಹಳೇ ರೇಜರ್ರೇ."