ಸರೋವರಕ್ಕೆ ಮೊದಲೇ ಹೆಸರಿತ್ತು

ಈ ಬೇಸಿಗೆ ರಜೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಯೊಸೆಮಿಟಿಗೆ ಹೋಗಿದ್ದೆವು. ಟಯೋಗಾ ರಸ್ತೆಯ ಪಕ್ಕದಲ್ಲೇ ಟೆನಾಯ ಸರೋವರ. ದಡದಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದಾಗ ಎಂಟು ವರ್ಷದ ಮಗಳು ಕೇಳಿದಳು, "ಅಪ್ಪಾ, ಟೆನಾಯ ಅಂದ್ರೆ ಏನು?"

ಗೊತ್ತಿದ್ದಷ್ಟು ಹೇಳಿದೆ. ಟೆನಾಯ ಇಲ್ಲಿನ ಮೂಲನಿವಾಸಿಗಳಾದ ಅಹ್ವಾನೀಚಿ ಜನರ ಯಜಮಾನ. ಯೊಸೆಮಿಟಿ ಕಣಿವೆ ಅವರದ್ದೇ ಆಗಿತ್ತು. ಚಿನ್ನ ಹುಡುಕಿಕೊಂಡು ಬಂದವರು ಆ ಸೀಮೆಗೆಲ್ಲ ತುಂಬಿಕೊಂಡರು, ಹೊಡೆದಾಟ ಶುರುವಾಯಿತು. 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ದಂಡು ಬಂದು, ಇದೇ ನೀರಿನ ಹತ್ತಿರ ಅವರನ್ನು ಹಿಡಿಯಿತು. ಸರೋವರಕ್ಕೆ ನಿನ್ನ ಹೆಸರಿಟ್ಟಿದ್ದೇವೆ ಅಂತ ದಂಡಿನಲ್ಲಿದ್ದ ಬನೆಲ್ ಎಂಬಾತ ಟೆನಾಯನಿಗೆ ಹೇಳಿದನಂತೆ. ಇದಕ್ಕೆ ಆಗಲೇ ಹೆಸರಿದೆಯಲ್ಲ, ಪೈವಿಯಾಕ್ ಅಂತ, ಎಂದನಂತೆ ಆ ಮುದುಕ. ಹೊಳೆಯುವ ಬಂಡೆಗಳು ಅಂತ ಅರ್ಥ. ಎದುರಿಗೇ ಇದ್ದವು ಆ ಬಂಡೆಗಳು. ಹಿಮನದಿ ಉಜ್ಜಿ ನುಣುಪು ಮಾಡಿದ ಕಲ್ಲು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

ಮಗಳು ತಿನ್ನೋದು ನಿಲ್ಲಿಸಿದಳು. "ಮೊದಲು ಅವರನ್ನೇ ಕೇಳಬೇಕಿತ್ತು ಅಲ್ವಾ, ಇದರ ಹೆಸರು ಏನು ಅಂತ?"

ಇಲ್ಲಿನ ನ್ಯಾಷನಲ್ ಪಾರ್ಕ್‌ಗಳೆಂದರೆ ನನಗೆ ಪ್ರಾಣ. 1864ರಲ್ಲಿ, ದೇಶದೊಳಗೇ ಯುದ್ಧ ನಡೀತಿರುವಾಗ, ಈ ಕಣಿವೆ ಜನರಿಗೇ ಉಳಿಯಬೇಕು ಎಂಬ ಕಾನೂನಿಗೆ ಲಿಂಕನ್ ಸಹಿ ಹಾಕಿದರು. 1872ರಲ್ಲಿ ಯೆಲ್ಲೋಸ್ಟೋನ್, 1890ರಲ್ಲಿ ಯೊಸೆಮಿಟಿ ನ್ಯಾಷನಲ್ ಪಾರ್ಕ್ ಆದವು. ಎಂಥ ದೊಡ್ಡ ಯೋಚನೆ! ಆದರೆ 'ಜನ' ಅಂದಾಗ ಅಹ್ವಾನೀಚಿಗಳು ಲೆಕ್ಕಕ್ಕೇ ಬರಲಿಲ್ಲ. ಕಣಿವೆಯಲ್ಲಿ ಉಳಿದಿದ್ದ ಅವರ ಕೊನೆಯ ಕೇರಿಯನ್ನೂ 1969ರಲ್ಲಿ ತೆರವು ಮಾಡಿದರು.

ಅಮೆರಿಕವನ್ನು ಬೈದು ಸುಮ್ಮನಾಗೋಣ ಅಂದರೆ ಮನಸ್ಸು ನಾಗರಹೊಳೆಗೆ ಹೋಗುತ್ತದೆ. ನಮ್ಮದು ಹುಣಸೂರು ಕಡೆ. ನಾನು ಚಿಕ್ಕವನಿದ್ದಾಗ ಕಾಡಿನ ಹಾಡಿಯಿಂದ ಜೇನುಕುರುಬರ ಒಬ್ಬರು ನಮ್ಮಜ್ಜಿ ಮನೆಗೆ ಜೇನು ತರುತ್ತಿದ್ದರು. ಹಟ್ಟಿ ಬಾಗಿಲಲ್ಲೇ ನಿಂತು, ಒಂದು ಚೂರು ರೊಟ್ಟು ಮುರಿದು ನನ್ನ ಅಂಗೈಗೆ ಇಡುತ್ತಿದ್ದರು. ತುಪ್ಪ ಮೊಣಕೈವರೆಗೂ ಇಳಿಯುತ್ತಿತ್ತು. ಆಮೇಲೆ ಕಾಡಿನ ಎಷ್ಟೋ ಹಾಡಿಗಳ ಜನರನ್ನು ಹೊರಗೆ ತಂದು ಇಟ್ಟರು. ಅವರೂ ಬರೋದು ನಿಂತುಹೋಯಿತು. ಯಾಕೆ ಅಂತ ನಮ್ಮ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.

ಮನೆಗೆ ಬಂದವನೇ ಊರಿಗೆ ಫೋನ್ ಮಾಡಿದೆ. "ಅಮ್ಮಾ, ಜೇನು ತರ್ತಿದ್ದರಲ್ಲ, ಅವರ ಹೆಸರೇನು?"

ಅಮ್ಮ ತುಂಬಾ ಹೊತ್ತು ಯೋಚಿಸಿದರು.

"ಹೆಸರು ಕೇಳೇ ಇಲ್ಲ ಕಣೋ. ಜೇನಿನವನು ಅಂತಲೇ ಕರೀತಿದ್ವಿ."