ಅಳಿಸಿದ ಗುಡ್ಡ

1988ರ ಮಳೆಗಾಲ. ಉಡುಪಿಯ ಮಳೆ ಗೊತ್ತಲ್ಲ, ಕಲ್ಸಂಕದಿಂದ ಕಾಲೇಜಿಗೆ ಬರುವಷ್ಟರಲ್ಲಿ ಕೊಡೆ ಇದ್ದೂ ಚಂಡಿ. ಫೈನಲ್ ಬಿಎಸ್ಸಿಯಲ್ಲಿ ನಮಗೆ ನ್ಯೂಕ್ಲಿಯರ್ ಫಿಸಿಕ್ಸ್ ಮಾಡುತ್ತಿದ್ದ ಸರ್ ಒಂದು ದಿನ ಹಾಸ್ಟೆಲಿನ ಕೇರಂ ಬೋರ್ಡನ್ನೇ ಕ್ಲಾಸಿಗೆ ತರಿಸಿದರು.

ಸ್ಟ್ರೈಕರ್ ಬೇಡ, ಅದರ ಭಾರ ಜಾಸ್ತಿ ಎಂದು ತೆಗೆದಿಟ್ಟರು. ಒಂದು ಕಾಯಿಯಿಂದ ಇನ್ನೊಂದಕ್ಕೆ ಹೊಡೆದರು. ಓರೆಯಾಗಿ ತಾಗಿದರೆ ಎರಡೂ ಹೆಚ್ಚುಕಡಿಮೆ ಲಂಬಕೋನದಲ್ಲಿ ಬೇರೆಯಾಗುತ್ತವೆ. ಹೊಡೆದ ಕಾಯಿ ಹಿಂದಕ್ಕೆ ಬರುವುದೇ ಇಲ್ಲ. ಪ್ರೋಟಾನ್, ಅಂದರೆ ಹೈಡ್ರೋಜನ್ ಪರಮಾಣುವಿನ ಬೀಜ, ಇನ್ನೊಂದು ಪ್ರೋಟಾನಿಗೆ ಹೊಡೆದರೂ ಇದೇ ಕಥೆ. ಕಾರ್ಬನ್ನಿನ ಬೀಜ ಹಾಗಲ್ಲ, 12 ಪಟ್ಟು ಭಾರ. ಅದಕ್ಕೆ ಬಡಿದು ನೇರ ಹಿಂದೆ ಬಂದ ಪ್ರೋಟಾನಿನಲ್ಲಿ 100ಕ್ಕೆ 72 ಪಾಲು ಶಕ್ತಿ ಉಳಿದಿರುತ್ತದೆ. ಚಿನ್ನಕ್ಕೆ ಬಡಿದರೆ 98.

ಪ್ರೋಟಾನುಗಳನ್ನು ಜೋರಾಗಿ ಓಡಿಸುವ ವೇಗವರ್ಧಕ ಯಂತ್ರ ನಮ್ಮಲ್ಲಿ ಎಲ್ಲಿತ್ತು! ಸರ್ ಎಲ್ಲಿಂದಲೋ ಬರೆದುಕೊಂಡು ಬಂದ ಅಂಕಿಗಳ ಪಟ್ಟಿಯೇ ನಮ್ಮ ಪ್ರಯೋಗ. ಕಾರ್ಬನ್ನಿಗೆ ಬಡಿದು ಹಿಂದಕ್ಕೆ ಚದುರಿದ ಪ್ರೋಟಾನುಗಳು ಯಾವ ಶಕ್ತಿಗೆ ಎಷ್ಟು ಎಂದು ಗ್ರಾಫ್ ಹಾಕಬೇಕಿತ್ತು. ವಿದ್ಯುತ್ ವಿಕರ್ಷಣೆಯಿಂದ ಆಗುವ ಚದುರುವಿಕೆಗೆ ವಿಜ್ಞಾನಿ ರುದರ್‌ಫೋರ್ಡ್ ಕೊಟ್ಟ ಸೂತ್ರದಂತೆ ಶಕ್ತಿ ಇಮ್ಮಡಿಯಾದರೆ ಚದುರುವಿಕೆ ಕಾಲು ಭಾಗಕ್ಕೆ ಇಳಿಯಬೇಕು. ಆದರೆ 1.7 ಎಂ.ಇ.ವಿ. (ಇಂಥ ಕಣಗಳ ಶಕ್ತಿ ಅಳೆಯುವ ಮಾನ) ಹತ್ತಿರ ಅಂಕಿಗಳು ದಿಢೀರನೆ ಮೇಲೆ ಹೋಗಿದ್ದವು. ಬರೆದುಕೊಳ್ಳುವಾಗ ತಪ್ಪಾಗಿರಬೇಕು ಅಂದುಕೊಂಡೆ. ಆ ಚುಕ್ಕಿಗಳನ್ನು ರಬ್ಬರಿನಿಂದ ಉಜ್ಜಿ, ಚಂದದ ಇಳಿಜಾರು ಗೆರೆ ಎಳೆದು ಕೊಟ್ಟೆ.

ಸರ್ ಬೈಯಲಿಲ್ಲ. ಗ್ರಾಫನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಎಂಥ ಮಾರಾಯ, ಇಲ್ಲೊಂದು ಗುಡ್ಡ ಇತ್ತಲ್ಲ, ಎಲ್ಲಿ ಹೋಯಿತು?"

"ತಪ್ಪು ಅಂತ ತೆಗೆದೆ ಸರ್."

"ಅದನ್ನು ತೋರಿಸಲಿಕ್ಕೇ ನಾನು ಇಷ್ಟೆಲ್ಲ ಬರೆದದ್ದು!"

ಆಮೇಲೆ ಅರ್ಧ ಗಂಟೆ ಆ ಗುಡ್ಡದ ಮೇಲೆಯೇ ಪಾಠ. ಕಾರ್ಬನ್ ಬೀಜದ ಸುತ್ತ ವಿದ್ಯುತ್ ವಿಕರ್ಷಣೆಯ ಗೋಡೆ ಇದೆ, ಸುಮಾರು 2 ಎಂ.ಇ.ವಿ. ಎತ್ತರ. ಅದಕ್ಕಿಂತ ಕಡಿಮೆ ಶಕ್ತಿಯ ಪ್ರೋಟಾನಿಗೆ ಗೋಡೆ ಹಾರಲು ಆಗದು, ಆದರೆ ನುಸುಳಬಹುದು. ಶಕ್ತಿ ಸರಿಯಾಗಿ ಹೊಂದಿದರೆ ಒಳಗೆ ಕ್ಷಣಕ್ಕೂ ಕ್ಷಣದಷ್ಟು ನಿಂತು, ಕಾರ್ಬನ್ ಜೊತೆ ಸೇರಿ ನೈಟ್ರೋಜನ್-13 ಎಂಬ ಬೀಜ ಆಗುತ್ತದೆ, ಮತ್ತೆ ಹೊರಗೆ. ಬಂದ ನೆಂಟ ಜಗಲಿಯಿಂದಲೇ ವಾಪಸಾಗುವುದಕ್ಕೂ, ಒಳಗೆ ಬಂದು ಬೆಲ್ಲ ನೀರು ಕುಡಿದು ಹೋಗುವುದಕ್ಕೂ ವ್ಯತ್ಯಾಸ ಇಲ್ಲವಾ, ಎಂದು ಕೇಳಿದರು. ಆ ಗುಡ್ಡ ಇದ್ದದ್ದರಿಂದಲೇ ಒಳಗೊಂದು ಮನೆ ಇದೆ ಅಂತ ಹೊರಗಿನವರಿಗೆ ಗೊತ್ತಾಗುವುದಂತೆ. ಒಮ್ಮೊಮ್ಮೆ ಪ್ರೋಟಾನ್ ಹೊರಗೆ ಬಾರದೆ ಗಾಮಾ ಕಿರಣ ಬಿಟ್ಟು ಅಲ್ಲೇ ಉಳಿದುಬಿಡುತ್ತದೆ. ನಕ್ಷತ್ರಗಳಿಗೆ ಶಕ್ತಿ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ 1939ರಲ್ಲಿ ಬೆಥೆ ಎಂಬ ಭೌತವಿಜ್ಞಾನಿ ಹೇಳಿದ ಕಾರ್ಬನ್ ಚಕ್ರದ ಮೊದಲ ಹೆಜ್ಜೆ ಅದೇ.

ನಾನು ಮುಂದೆ ಬ್ಯಾಂಕ್ ಸೇರಿದೆ, ಫಿಸಿಕ್ಸ್ ಅಲ್ಲಿಗೇ ನಿಂತಿತು. ಈಗ ನಿವೃತ್ತಿ ಆದ ಮೇಲೆ ಸುಮ್ನೆ ಕುತೂಹಲಕ್ಕೆ ಅದೇ ಗ್ರಾಫನ್ನು ಹುಡುಕಿ ನೋಡಿದೆ. 0.46 ಎಂ.ಇ.ವಿ. ಹತ್ತಿರ ಇನ್ನೊಂದು ಸಣ್ಣ ಏರಿಳಿತವೂ ಇದೆ! ಸರ್ ಕೊಟ್ಟ ಪಟ್ಟಿಯಲ್ಲೂ ಇದ್ದ ನೆನಪು. ಅದನ್ನೂ ಉಜ್ಜಿದ್ದೆ. ಸರ್ ಅದರ ಬಗ್ಗೆ ಕೇಳಲೇ ಇಲ್ಲ.